ತವರಿಗೆ ಹೋಗಿ ಬಂದ ಅಕ್ಕ

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ. ಬೈಯುವುದಕ್ಕಾದರೂ ಫೋನ್ ಮಾಡಲಿ ಎಂಬ ಆಸೆಯಿಂದ ಒಂದು ಸಲ ಬರೆದೂ ಇದ್ದೆ, ಆಮೇಲೆ ಹೊಡೆದುಹಾಕಿದೆ. ಸ್ಟುಟ್‌ಗಾರ್ಟಿನಿಂದ ಸ್ವಲ್ಪ ದೂರದ ನಮ್ಮ ಊರಿನಲ್ಲಿ ನಾಲ್ಕಾರು ಕನ್ನಡದ ಮನೆಗಳಿವೆ. ಅಲ್ಲೆಲ್ಲ ಅವರು ಅಕ್ಕ. ಇಲ್ಲೂ ಅಷ್ಟೇ ಇರಲಿ.

ಕಳೆದ ತಿಂಗಳು ನನಗೆ ಜರ್ಮನಿಯಲ್ಲಿ ಕಾಯಂ ಆಗಿ ಇರಬಹುದೆಂಬ ಕಾರ್ಡು ಬಂತು. ಪಿ.ಆರ್. ಎನ್ನುತ್ತೇವಲ್ಲ, ಅದು. ನಮ್ಮವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಚಪ್ಪಾಳೆಗಳು ಬಂದವು, ಪಾರ್ಟಿ ಯಾವಾಗ ಎಂಬ ಪ್ರಶ್ನೆಗಳು ಬಂದವು. ಅಕ್ಕ ಈಗ ಆ ಗ್ರೂಪಿನಲ್ಲಿಲ್ಲ. ನಿಜಕ್ಕೂ ನನಗಿಂತ ಎಷ್ಟೋ ಮೊದಲು ಅವರ ಕೈಗೆ ಬರಬೇಕಾಗಿದ್ದ ಕಾರ್ಡು ಅದು. ಯಾಕೆ ಬರಲಿಲ್ಲ ಎಂದು ಬರೆದಿಡಬೇಕು, ಏಕೆಂದರೆ ನಮ್ಮವರು ಆಗಲೇ ಆ ಕತೆಯನ್ನು ತಮಗೆ ಬೇಕಾದ ಹಾಗೆ ಹೇಳತೊಡಗಿದ್ದಾರೆ. "ಪಾಪ, ರೂಲ್ಸ್ ಸರಿಯಾಗಿ ನೋಡ್ಕೊಳ್ಳಲಿಲ್ಲ" ಎನ್ನುತ್ತಾರೆ. ಊಟದ ತಟ್ಟೆ ಹಿಡಿದುಕೊಂಡು ಹಾಗೆನ್ನುವವರನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವರನ್ನು ನಾನು ಮೊದಲು ಕಂಡದ್ದು ಆಮ್ಟಿನ ಬಾಗಿಲಲ್ಲಿ. ವಿದೇಶಿಯರ ವಾಸದ ಪರವಾನಗಿ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ಇಲ್ಲಿ ಮಾರುದ್ದದ ಹೆಸರಿದೆ. ನಮ್ಮವರು ಅದರ ಬಾಲವನ್ನಷ್ಟೇ ಉಳಿಸಿಕೊಂಡು ಆಮ್ಟ್ ಎನ್ನುತ್ತಾರೆ. ನನಗದು ಇಲ್ಲಿನ ಮೊದಲ ಚಳಿಗಾಲ. ಬಾಗಿಲು ತೆರೆಯುವ ಮೊದಲೇ ಹೋಗಿ, ಫೈಲನ್ನು ಎದೆಗೆ ಒತ್ತಿ ಹಿಡಿದು, ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತ ನಿಂತಿದ್ದೆ. ಅಪ್ಪ ನಂಜನಗೂಡಿನಲ್ಲಿ ಗಾರೆ ಕೆಲಸ ಮಾಡುವವರು. ತಾಲ್ಲೂಕು ಆಫೀಸಿನ ಒಳಗೆ ಹೋಗಬೇಕಾದರೆ ಚಪ್ಪಲಿಯನ್ನು ಹೊರಗೆ ಬಿಟ್ಟು ಹೋಗುವ ಜನ ನಾವು.

"ದೊಡ್ಡೋರು ಏನ್ ಕೇಳುದ್ರೂ ಹೂಂ ಅನ್ಬುಡವ್ವ, ಎದುರಾಡ್ಬೇಡ" ಎಂದರು ಅಪ್ಪ.

"ಹೂಂ ಕಣಪ್ಪ" ಎಂದು ಫೋನಿಟ್ಟೆ. ಹಿಂದಿನಿಂದ ಹೆಂಗಸೊಬ್ಬರ ದನಿ ಬಂತು:

"ಬೆನ್ನು ಸ್ವಲ್ಪ ನೆಟ್ಟಗೆ ಮಾಡಿ ಮಾರಾಯ್ತಿ. ಎಂತಕ್ಕೆ ಹಾಗೆ ಬಗ್ಗಿ ನಿಂತದ್ದು? ನಾವಿಲ್ಲಿ ಬೇಡ್ಲಿಕ್ಕೆ ಬಂದದ್ದಾ?"

ತಿರುಗಿ ನೋಡಿದರೆ ಗಿಡ್ಡಗಿನ ಹೆಂಗಸು. ಉಲ್ಲನ್ ಟೋಪಿಯ ಕೆಳಗಿಂದ ಎಣ್ಣೆ ಹಚ್ಚಿದ ದಪ್ಪ ಜಡೆ ಇಳಿದಿತ್ತು. ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ಯಾವ ಊರೆಂದು ಕೇಳಿದರು, ತಮ್ಮದು ಉಡುಪಿ ಹತ್ತಿರದ ಕಾಪು ಎಂದರು. ಒಳಗೆ ಹೋಗಿ ಏನು ಹೇಳುತ್ತೀರಿ, ಒಮ್ಮೆ ಹೇಳಿ ನೋಡುವ ಎಂದರು. ನಾನು ಉರುಹೊಡೆದಿದ್ದ ಜರ್ಮನ್ ವಾಕ್ಯಗಳನ್ನು ಒಪ್ಪಿಸಿದೆ.

"ಅದೆಷ್ಟು ದಯವಿಟ್ಟು ಹಾಕಿದ್ದೀರಿ! ಒಂದು ಸಾಕು. ಜಾಸ್ತಿ ಹಾಕಿದ್ರೆ ಅವರಿಗೆ ಡೌಟು ಬರ್ತದೆ."

ಕರೆಯದಿದ್ದರೂ ನನ್ನ ಜೊತೆ ಒಳಗೆ ಬಂದರು. ಗುಮಾಸ್ತ ಈ ಕಡೆಯ ಹಳ್ಳಿ ಜರ್ಮನ್ನಿನಲ್ಲಿ ಗಡಗಡ ಮಾತಾಡಿದ. ಅಕ್ಕ ಅವನಿಗೆ ಹೇಳಿದ್ದನ್ನು ನಾನು ಆಮೇಲೆ ಅರ್ಥ ಮಾಡಿಕೊಂಡೆ: "ಈಕೆ ಎಂಜಿನಿಯರು. ನಿಧಾನ ಹೇಳಿದರೆ ಅರ್ಥವಾಗುತ್ತದೆ. ಹೀಗೆ ಹೇಳಿದರೆ ನನಗೂ ಆಗುವುದಿಲ್ಲ, ನನ್ನ ಜರ್ಮನ್ ನಿಮ್ಮದಕ್ಕಿಂತ ಚೆನ್ನಾಗಿದೆ." ಆ ಮನುಷ್ಯ ಕೆಂಪಗಾದ, ಆದರೆ ನಿಧಾನ ಹೇಳಿದ.

ಹೊರಗೆ ಬಂದು ನಾನು ಥ್ಯಾಂಕ್ಸ್ ಹೇಳಲು ಹೋದರೆ ಕೈಯಲ್ಲೇ ತಡೆದರು. "ಅದೆಲ್ಲ ಬೇಡ. ಮುಂದಿನ ಸಲ ನಾನು ಬರುವುದಿಲ್ಲ, ಕಲಿತುಕೊಳ್ಳಿ." ಮುಂದಿನ ಸಲವೂ ಬಂದರು.

ಹಾಗೆಂದು ಅವರೇನು ಸಿಹಿ ಮನುಷ್ಯರಲ್ಲ. ಅವರ ಬಾಯಿಗೆ ಹೆದರಿ ಎದುರಿನ ಫುಟ್‌ಪಾತಿಗೆ ದಾಟಿದವರಿದ್ದಾರೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ, ಬಂದು ನಾಲ್ಕು ವರ್ಷವಾಗಿದ್ದರೂ ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ ಕೊಳ್ಳುತ್ತಿದ್ದವನು, ಒಮ್ಮೆ "ಅಕ್ಕ, ಆಮ್ಟಲ್ಲಿ ನನಗೆ ರೆಸ್ಪೆಕ್ಟೇ ಕೊಡಲ್ಲ" ಎಂದು ಗೋಳಾಡಿದ. "ನೀನು ಬಾಯಿ ತೆರೆದ್ರೆ ಅಲ್ವಾ ಕೊಡ್ಲಿಕ್ಕೆ? ಮೂಗನಿಗೆ ಮೂಗನ ರೆಸ್ಪೆಕ್ಟು" ಎಂದುಬಿಟ್ಟರು. ಪಕ್ಕದಲ್ಲಿದ್ದ ಇನ್ನೊಬ್ಬ "ಮಗಾ, ಮುಗೀತು ನಿಂದು" ಎಂದು ನಕ್ಕ. ಅವನಿಗೂ ಬಿತ್ತು: "ನೀನೆಂತ ನಗುವುದು? ನಿನ್ನ ಬಾಡಿಗೆ ಕಾಗದ ಕೂಡ ನಾನೇ ಓದಿ ಹೇಳಿದ್ದು."

ಈ ಕಡೆಯ ಕಟ್ಟಡಗಳಲ್ಲಿ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಬೋರ್ಡು ತೂಗುಹಾಕುತ್ತಾರೆ. ಅಕ್ಕ ಈ ಊರಿಗೆ ಬಂದ ಹೊಸದರಲ್ಲಿ, ತಮ್ಮ ಸರದಿ ಬಂದಾಗ, ಕಾಪುವಿನ ಅಂಗಳ ತೊಳೆಯುವ ಹಾಗೆ ಮೇಲಿನ ಮಹಡಿಯಿಂದ ಬಕೆಟ್ಟು ಬಕೆಟ್ಟು ನೀರು ಹೊಯ್ದಿದ್ದರಂತೆ. ನೀರು ಮೆಟ್ಟಿಲಿಳಿದು ಎಲ್ಲರ ಕಾಲೊರಸು ತೋಯಿಸಿ ನೆಲಮಾಳಿಗೆ ಸೇರಿತು. ಕೆಳಗಿನ ಮನೆಯ ಜರ್ಮನ್ ಅಜ್ಜಿ ಕೂಗಾಡುತ್ತ ಬಂದಳಂತೆ. "ಮೆಟ್ಟಿಲು ಕ್ಲೀನ್ ಆಗಿದೆಯೋ ಇಲ್ವೋ, ಅದನ್ನು ಮೊದಲು ಹೇಳಿ" ಎಂದು ಇವರು. ಅಜ್ಜಿ ಬಗ್ಗಿ ಬೆರಳಾಡಿಸಿ ನೋಡಿ, ಆಗಿದೆ ಎಂದು ಒಪ್ಪಿಕೊಂಡಳಂತೆ. ಆಮೇಲೆ ಇಬ್ಬರೂ ಸೇರಿ ನೆಲಮಾಳಿಗೆಯ ನೀರು ಬಳಿದರು. ಈ ಕತೆಯನ್ನು ಅಕ್ಕ ಹೇಳಿದಾಗಲೆಲ್ಲ ಅಜ್ಜಿಯ ನಡಿಗೆಯನ್ನು ಕುಣಿದು ತೋರಿಸುತ್ತಿದ್ದರು. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ.

ಅವರು ನನ್ನನ್ನು ಹತ್ತಿರ ಸೇರಿಸಿಕೊಂಡದ್ದಕ್ಕೆ ಕಾರಣವಿತ್ತು. ಒಂದು ಭಾನುವಾರ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾಡಿ ಕರೆದಿದ್ದರು. ಕಿಟಕಿಗಳೆಲ್ಲ ಹಾರು ಹೊಡೆದಿದ್ದವು. ಉಣ್ಣುತ್ತ ಉಣ್ಣುತ್ತ, ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನೇ ಎಂದೆ. ತುತ್ತು ಅರ್ಧಕ್ಕೇ ನಿಲ್ಲಿಸಿದರು.

"ನಮ್ಮಲ್ಲೂ ನಾನೇ. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ನನ್ನ ಶಾಲೆ ಬ್ಯಾಗಿಗೂ ಹೊಗೆಸೊಪ್ಪಿನ ವಾಸನೆ. ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಳ್ತಿದ್ರು. ನಿಮ್ಮಪ್ಪನದ್ದು ಎಂತದು, ಸಿಮೆಂಟಾ? ಸಿಮೆಂಟಿಗೆ ವಾಸನೆ ಇಲ್ಲ, ನೀನು ಬಚಾವು."

ಆವತ್ತಿನಿಂದ ನಾನು 'ನೀವು' ಹೋಗಿ 'ನೀನು' ಆದೆ.

ಅವರು ಹೈಡೆಲ್‌ಬರ್ಗಿನಲ್ಲಿ ಓದಿದವರು. ರಾತ್ರಿ ಹೋಟೆಲಿನಲ್ಲಿ ತಟ್ಟೆ ತೊಳೆದು, ಹಗಲು ಲ್ಯಾಬಿನಲ್ಲಿ ಕೂತು ಪಾಸಾದವರು. ಈ ಊರಿನ ಒಂದು ಸಣ್ಣ ಕಂಪನಿಯಲ್ಲಿ ಬ್ಯಾಟರಿ ಪರೀಕ್ಷೆಯ ಕೆಲಸ. ದೊಡ್ಡ ಸಂಬಳದವರಿಗೆ ಇಲ್ಲಿ ಬ್ಲೂ ಕಾರ್ಡ್ ಎಂಬ ಬೇರೆ ಪರವಾನಗಿ ಸಿಗುತ್ತದೆ. ಅಕ್ಕನಿಗೆ ಸಿಕ್ಕಿದ್ದು ಸಾಮಾನ್ಯ ಕೆಲಸದ ಪರವಾನಗಿ. ಮದುವೆಯಾದದ್ದು ಇಲ್ಲಿಗೆ ಬಂದ ಮೇಲೆ, ಬೆಂಗಳೂರಿನ ಐ.ಟಿ.ಯವರನ್ನು. ಅವರದ್ದು ಬ್ಲೂ ಕಾರ್ಡ್. ಭಾವ ಒಳ್ಳೆಯ ಮನುಷ್ಯ, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಅಕ್ಕ ಪಿ.ಆರ್.ಗೆ ಅರ್ಜಿ ಹಾಕಿ ಆಗಲೇ ಬಹಳ ಕಾಲವಾಗಿತ್ತು. ಪಿಂಚಣಿಗೆ ಕಟ್ಟಬೇಕಾದ ಹಣ, ಭಾಷೆಯ ಪರೀಕ್ಷೆ, ಎಲ್ಲ ಮುಗಿದಿತ್ತು. ಆಮ್ಟಿನಿಂದ ಒಂದು ದಿನ ಗೊತ್ತುಮಾಡಿ ಕರೆಯಬೇಕಿತ್ತು, ಅಷ್ಟೇ. ಆ ಕರೆಯೇ ಬರುತ್ತಿರಲಿಲ್ಲ. "ಬೇರೆ ಎಂತ ಆಸೆಯೂ ಇಲ್ಲ ನನಗೆ" ಎಂದು ಒಮ್ಮೆ ಹೇಳಿದ್ದರು. "ಇವಳು ತನ್ನ ಕಾಲ ಮೇಲೆ ನಿಂತಿದ್ದಾಳೆ, ಇವಳನ್ನು ಯಾರೂ ಎಬ್ಬಿಸುವ ಹಾಗಿಲ್ಲ ಅಂತ ಈ ಸರ್ಕಾರ ಬರೆದು ಕೊಡ್ಬೇಕು. ಅಮ್ಮನಿಗೆ ತೋರಿಸ್ಬೇಕು."

ಅಷ್ಟರಲ್ಲಿ ಬಸುರಾದರು.

ನಾನು ಇಲ್ಲೇ ಹೆರಿಗೆ ಮಾಡಿಸಿಕೊಳ್ಳಿ ಎಂದೆ. "ಇಲ್ಲಿ ಸೂಲಗಿತ್ತಿ ಮನೆಗೇ ಬಂದು ನೋಡ್ಕೋತಾರಂತೆ ಕಣಕ್ಕ, ಇನ್ಶೂರೆನ್ಸೇ ಎಲ್ಲ ಕೊಡುತ್ತೆ."

"ಬರ್ತಾರೆ. ಬಂದು ಮೈಗೆ ಎಣ್ಣೆ ಹಚ್ಚಿ ಹಂಡೆ ನೀರು ಹೊಯ್ತಾರಾ?"

"ಅಮ್ಮನ್ನೇ ಇಲ್ಲಿಗೆ ಕರೆಸ್ಕೊಳ್ಳಿ ಮತ್ತೆ."

"ಅವರಿಗೆ ಪಾಸ್‌ಪೋರ್ಟೇ ಇಲ್ಲ. ಮತ್ತೆ ಈ ಗೂಡಿನಷ್ಟು ಬಚ್ಚಲಲ್ಲಿ ಬಾಣಂತಿ ಸ್ನಾನ ಎಲ್ಲಿ ಮಾಡಿಸುವುದು? ಕೆಳಗಿನ ಅಜ್ಜಿಯ ತಲೆ ಮೇಲಾ?" ಎಂದು ನಕ್ಕರು. "ನೋಡು, ನಾನು ಓದಿದ್ದು ಎಂತ ಅಂತ ಅಮ್ಮನಿಗೆ ಗೊತ್ತಿಲ್ಲ. ನನ್ನ ಕೆಲಸ ಎಂತದು, ಅದೂ ಗೊತ್ತಿಲ್ಲ. ನನ್ನ ಗಂಡನ ಹತ್ತಿರ ಮಾತಾಡ್ಲಿಕ್ಕೆ ಅವರಿಗೆ ನಾಚಿಕೆ. ಆದ್ರೆ ಬಾಣಂತನ ಗೊತ್ತುಂಟು. ನನಗೆ ಕೊಡ್ಲಿಕ್ಕೆ ಅವರ ಹತ್ತಿರ ಉಳಿದದ್ದು ಅದೊಂದೇ. ಅದನ್ನೂ ಬೇಡ ಅಂತ ಹೇಳಲಾ?"



ಈಗ ರೂಲ್ಸಿನ ಮಾತು. ಇವರ ಬಳಿಯಿದ್ದಂಥ ಪರವಾನಗಿಯವರು ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಅದು ತನ್ನಷ್ಟಕ್ಕೇ ರದ್ದಾಗುತ್ತದೆ. ಮೊದಲೇ ಕೇಳಿಕೊಂಡರೆ ಆಮ್ಟ್ ಹೆಚ್ಚಿನ ಸಮಯ ಕೊಡಬಹುದು. ಅಕ್ಕನಿಗೆ ಇದು ತಿಳಿದಿರಲಿಲ್ಲ ಎನ್ನುವವರು ಸುಳ್ಳು ಹೇಳುತ್ತಾರೆ. ಎಷ್ಟು ಜನಕ್ಕೆ ಅವರೇ ಹೇಳಿಕೊಟ್ಟದ್ದು! ವಿಮಾನದವರು ತುಂಬು ಬಸುರಿಯರನ್ನು ಹತ್ತಿಸುವುದಿಲ್ಲವೆಂದು ಏಳು ತಿಂಗಳು ತುಂಬುವ ಹೊತ್ತಿಗೆ ಹೊರಟರು. ಆರು ತಿಂಗಳೊಳಗೆ ವಾಪಸ್ಸು ಎಂಬುದು ಲೆಕ್ಕ. ಕಂಪನಿ ಹೆರಿಗೆ ರಜೆಯನ್ನೂ ಮಗು ನೋಡಿಕೊಳ್ಳುವ ರಜೆಯನ್ನೂ ಮಂಜೂರು ಮಾಡಿತ್ತು, ಅದೂ ಇದೇ ದೇಶದ ಕಾನೂನಿನಂತೆ.

ಕಾಪುವಿನಲ್ಲಿ ಲೆಕ್ಕ ಬದಲಾಯಿತು. ಬಾಣಂತಿಯ ಮನೆಯಲ್ಲಿ ತಿಂಗಳು ಶುರುವಾಗುವುದು ಮಗು ಹುಟ್ಟಿದ ದಿನದಿಂದ. ಅಮ್ಮ, ಚಿಕ್ಕಮ್ಮಂದಿರು, ಅಕ್ಕಪಕ್ಕದವರು ಎಲ್ಲರೂ ಎಣಿಸುತ್ತಿದ್ದದ್ದು ಅದನ್ನೇ. ಮಗುವಿಗೆ ಇನ್ನೂ ಎರಡೇ ತಿಂಗಳು, ಇನ್ನೂ ಮೂರೇ ತಿಂಗಳು, ಈಗಲೇ ಎಲ್ಲಿಗೆ ಹೋಗುತ್ತಾಳೆ. ವಿಮಾನ ಹತ್ತಿದ ದಿನವನ್ನು ಆ ಮನೆಯಲ್ಲಿ ಎಣಿಸುವವರು ಅಕ್ಕ ಒಬ್ಬರೇ. ಅವರು ಎಣಿಸುತ್ತಲೇ ಇದ್ದರು. ಆದರೆ ಹೊರಡುವುದು ಹೇಗೆ? ಮಗು ಹುಟ್ಟಿದ್ದು ಉಡುಪಿಯಲ್ಲಿ. ಮೊದಲು ಅದರ ಜನನ ಪತ್ರ, ಆಮೇಲೆ ಪಾಸ್‌ಪೋರ್ಟು, ಆಮೇಲೆ ಜರ್ಮನಿಗೆ ಬರಲು ವೀಸಾ. ವೀಸಾದವರು ದಿನ ಕೊಡಲಿಲ್ಲ. ಕೊಟ್ಟ ಮೇಲೆ ಕಾಗದ ಸಾಲದು ಎಂದರು. ಕಾಗದ ಕೊಟ್ಟ ಮೇಲೆ ಕಾಯಿರಿ ಎಂದರು. ಮೊಲೆ ಕುಡಿಯುವ ಕೂಸನ್ನು ಬಿಟ್ಟು ತಾಯಿ ಒಬ್ಬಳೇ ಗಡುವಿನೊಳಗೆ ಬಂದು ಸೇರಬೇಕಿತ್ತೇ?

ಗಡುವು ಹತ್ತಿರವಾದಾಗ ಅಕ್ಕ ಆಮ್ಟಿಗೆ ಈಮೇಲ್ ಬರೆದರು. ಹೀಗೆ ಹೀಗೆ, ಮಗುವಿನ ವೀಸಾ ಬಂದಿಲ್ಲ, ಸಮಯ ವಿಸ್ತರಿಸಿ. ಜೊತೆಗೆ ಜನನ ಪತ್ರ, ವೀಸಾ ಅರ್ಜಿಯ ರಸೀದಿ. 'ನಿಮ್ಮ ಪತ್ರ ತಲುಪಿದೆ, ದಯವಿಟ್ಟು ಮತ್ತೆ ಮತ್ತೆ ವಿಚಾರಿಸಬೇಡಿ' ಎಂದು ಯಂತ್ರ ಉತ್ತರಿಸಿತು. ನಾನು ಫೋನಿನಲ್ಲಿ, "ಅಕ್ಕ, ಅದು ಆಟೋಮ್ಯಾಟಿಕ್ ರಿಪ್ಲೈ ಕಣಕ್ಕ" ಎಂದೆ.

"ಗೊತ್ತುಂಟು ಮಾರಾಯ್ತಿ. ಆದ್ರೂ ಕೇಳಿದ್ದು ದಾಖಲೆ ಆಯ್ತಲ್ಲ. ಕಳ್ಳತನ ಮಾಡ್ಲಿಕ್ಕೆ ನಿಂತದ್ದಾ ನಾನು? ಬಾಣಂತಿಯನ್ನು ಯಾರಾದ್ರೂ ಕೇಳ್ತಾರಾ?"

ನಮ್ಮ ಕಡೆ ತುಂಬಿದ ಬಸ್ಸಿನಲ್ಲೂ ಬಾಣಂತಿಗೆ ಜಾಗ ಬಿಡುತ್ತಾರೆ. ಎಷ್ಟೇ ಕೆಟ್ಟ ಆಫೀಸಿನಲ್ಲೂ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದವಳನ್ನು ಮುಂದೆ ಬಿಡುತ್ತಾರೆ. ಹತ್ತು ವರ್ಷ ಈ ದೇಶದಲ್ಲಿದ್ದು, ಇಲ್ಲಿಯ ಕಾನೂನನ್ನು ಊರಿಗೆಲ್ಲ ಬಿಡಿಸಿ ಹೇಳಿದ ಅಕ್ಕನಿಗೂ ಆ ನಂಬಿಕೆಯೊಂದು ಉಳಿದಿತ್ತು. ನನಗೂ ಇತ್ತು ಅನ್ನಿ.

ವಾಪಸ್ಸು ಬಂದಾಗ ಇಲ್ಲಿಂದ ಹೊರಟು ಏಳು ತಿಂಗಳಾಗಿತ್ತು. ವಿಮಾನ ನಿಲ್ದಾಣದಲ್ಲಿ ಯಾರೂ ಏನೂ ಕೇಳಲಿಲ್ಲ. ಅಕ್ಕ ಮೈತುಂಬಿಕೊಂಡು, ಮುಖಕ್ಕೆ ಎಣ್ಣೆಯ ಹೊಳಪು ಬಂದು, ಬೇರೆಯೇ ಆಗಿದ್ದರು. ಭಾವ ಮಗುವಿಗಾಗಿ ರಜೆ ಹಾಕಿದರು, ಅಕ್ಕ ಕೆಲಸಕ್ಕೆ ಹೊರಟರು. ಕೆಲವೇ ವಾರಗಳಲ್ಲಿ ಆಮ್ಟಿನಿಂದ ಕಾಗದ ಬಂತು: ಪಿ.ಆರ್. ಅರ್ಜಿಗೆ ಸಂಬಂಧಿಸಿ ಇಂಥ ದಿನ ಬನ್ನಿ. ಭಾವನಿಗೆ ಆವತ್ತು ಜ್ವರ. ಮಗುವನ್ನು ಹಿಡಿದುಕೊಳ್ಳಲು ನಾನು ಜೊತೆಗೆ ಹೋದೆ. ಅಕ್ಕ ರೇಷ್ಮೆ ಕುರ್ತಾ ಹಾಕಿದ್ದರು.

ಮೇಜಿನ ಆಚೆ ಇದ್ದವಳು ಚಿಕ್ಕ ಪ್ರಾಯದ ಹುಡುಗಿ, ನಗುಮುಖದವಳು. ಅದನ್ನು ನೆನೆದರೇ ನನಗೆ ಇನ್ನೂ ಸಂಕಟ. ಸಿಡುಕಿನವಳಾಗಿದ್ದರೆ ಅಕ್ಕ ಎಚ್ಚರವಾಗಿರುತ್ತಿದ್ದರು. ಅವಳು ಮಗುವಿನ ಗಲ್ಲ ನೋಡಿ ಎಷ್ಟು ಮುದ್ದಾಗಿದೆ ಎಂದಳು. ಎಲ್ಲಿ ಹುಟ್ಟಿದ್ದು ಎಂದಳು. ನನ್ನ ತಾಯಿಯ ಊರಿನ ಕಡೆ, ಸಮುದ್ರದ ದಂಡೆಯಲ್ಲಿ ಎಂದರು ಅಕ್ಕ. ಹೌದಾ, ಎಷ್ಟು ದಿನ ಇದ್ದಿರಿ ಎಂದಳು.

ಈ ಕಚೇರಿಯಲ್ಲಿ ಅಕ್ಕನನ್ನು ಯಾರೂ ಅಂಥದ್ದನ್ನು ಕೇಳಿದ್ದಿಲ್ಲ. ಅವರು ಆ ಚೆಂದದ ಜರ್ಮನ್ನಿನಲ್ಲಿ ಹೇಳುತ್ತಾ ಹೋದರು: ಅಮ್ಮ ಹೇಗೆ ತೆಂಗಿನೆಣ್ಣೆ ಹಚ್ಚುತ್ತಿದ್ದರು, ಹೇಗೆ ದೊಡ್ಡ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿ ಬೆನ್ನಿಗೆ ಹೊಯ್ಯುತ್ತಿದ್ದರು, ಹೊಟ್ಟೆಗೆ ಹೇಗೆ ಬಟ್ಟೆ ಬಿಗಿಯುತ್ತಿದ್ದರು, ಮೆಂತೆ ಗಂಜಿ ಹೇಗೆ ಕಹಿ. ಒಟ್ಟು ಏಳು ತಿಂಗಳು ಎಂದರು. ಹುಡುಗಿ ನಗುತ್ತಲೇ ಕೇಳುತ್ತಿದ್ದಳು. ಏಳು ತಿಂಗಳು ಎಂದು ಕೇಳಿದ್ದೇ ಪಾಸ್‌ಪೋರ್ಟನ್ನು ಹತ್ತಿರ ಎಳೆದುಕೊಂಡು ಹಾಳೆ ತಿರುವತೊಡಗಿದಳು. ನಮ್ಮ ಬೆಂಗಳೂರು ನಿಲ್ದಾಣದ ಮೊಹರಿನ ಮೇಲೆ ಅವಳ ಬೆರಳು ನಿಂತಿತು.

"ಒಂದು ನಿಮಿಷ" ಎಂದು ಎದ್ದು ಒಳಗೆ ಹೋದಳು.

ವಾಪಸ್ಸು ಬಂದವಳ ಜೊತೆ ಕನ್ನಡಕದ ಗಂಡಸೊಬ್ಬನಿದ್ದ. ಅವನೇ ಹೇಳಿದ: ಪಿ.ಆರ್. ಕೊಡಲು ಬರುವುದಿಲ್ಲ, ಏಕೆಂದರೆ ನಿಮ್ಮ ಬಳಿ ಈಗ ಪರವಾನಗಿಯೇ ಇಲ್ಲ. ಆರು ತಿಂಗಳು ದಾಟಿದ ದಿನವೇ ಅದು ಕಾನೂನಿನ ಪ್ರಕಾರ ರದ್ದಾಗಿದೆ.

ಅಕ್ಕ ಈಮೇಲ್ ತೋರಿಸಿದರು. ಕೇಳಿದ್ದೀರಿ, ನಾವು ಒಪ್ಪಿಲ್ಲ ಎಂದ.

"ನೀವು ಉತ್ತರವನ್ನೇ ಕೊಡಲಿಲ್ಲ."

"ಅದನ್ನೇ ಹೇಳುತ್ತಿದ್ದೇನೆ. ಒಪ್ಪಿಗೆ ಕೊಟ್ಟಿಲ್ಲ."

"ತಡವಾದದ್ದು ನನ್ನ ಮಗುವಿಗೆ ನಿಮ್ಮದೇ ದೇಶ ವೀಸಾ ಕೊಡದೆ ಕೂತದ್ದಕ್ಕೆ."

"ಅದು ಬೇರೆ ಇಲಾಖೆ."

ಹುಡುಗಿ ತಲೆ ತಗ್ಗಿಸಿ, ನನಗೆ ನಿಜಕ್ಕೂ ಬೇಜಾರಾಗಿದೆ ಎಂದಳು. ಅಕ್ಕ ಅವಳನ್ನೇ ನೋಡುತ್ತ ಕೂತಿದ್ದರು. ಹೊರಗೆ ಬಂದ ಮೇಲೆ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು, "ಗಂಜಿ ಕಹಿ ಇತ್ತು ಅಂತ ಕೂಡ ಹೇಳಿದೆ ನಾನು" ಎಂದರು. ಅಷ್ಟೇ.

ಮರುದಿನ ಕಂಪನಿಯವರು, ಪರವಾನಗಿ ಇಲ್ಲದವರನ್ನು ಕೆಲಸದಲ್ಲಿಟ್ಟುಕೊಂಡರೆ ನಮಗೆ ದಂಡ, ಹೊಸ ಕಾಗದ ಬರುವವರೆಗೆ ಬರಬೇಡಿ ಎಂದರು. ಲ್ಯಾಪ್‌ಟಾಪು, ಬಾಗಿಲಿನ ಕಾರ್ಡು ತೆಗೆದುಕೊಂಡರು. ಅವರು ವರ್ಷಗಟ್ಟಲೆ ಕಟ್ಟಿ ನಿಲ್ಲಿಸಿದ್ದ ಪರೀಕ್ಷೆಯ ಯಂತ್ರದ ಮುಂದೆ ಇನ್ನೊಬ್ಬ ಬಂದು ಕೂತ.

ವಕೀಲರ ಬಳಿ ಹೋದರು. ಈ ಕಚೇರಿಯವರು ರಿಯಾಯಿತಿ ತೋರಿಸುವವರ ಪೈಕಿ ಅಲ್ಲ, ಜಗಳಾಡಿದರೆ ವರ್ಷಗಳೇ ಹಿಡಿಯಬಹುದು ಎಂದು ವಕೀಲರು ಎರಡು ದಾರಿ ಹೇಳಿದರು. ಒಂದು, ಭಾರತಕ್ಕೆ ವಾಪಸ್ಸು ಹೋಗಿ ಕೆಲಸದ ವೀಸಾಕ್ಕೆ ಮೊದಲಿನಿಂದ ಅರ್ಜಿ ಹಾಕುವುದು. ಎಷ್ಟು ತಿಂಗಳೋ ಹೇಳಲಾಗದು, ಅಲ್ಲಿಯವರೆಗೆ ಕಂಪನಿ ಕಾಯುತ್ತದೆಂಬ ಭರವಸೆ ಇಲ್ಲ. ಇನ್ನೊಂದು ಸುಲಭದ್ದು: ಬ್ಲೂ ಕಾರ್ಡಿನವರ ಹೆಂಡತಿ ಎಂದು ಅರ್ಜಿ ಹಾಕುವುದು. ದೇಶ ಬಿಡಬೇಕಾಗಿಲ್ಲ, ಕೆಲವೇ ವಾರಗಳಲ್ಲಿ ಕಾರ್ಡು. ಮಾತಿನ ನಡುವೆ ವಕೀಲರು ಇನ್ನೊಂದು ವಿಷಯವನ್ನೂ ತಿಳಿಸಿದರು. ಅಕ್ಕ ಸೀದಾ ನನ್ನ ಮನೆಗೆ ಬಂದು ಅದನ್ನು ಹೇಳಿದರು.

"ಕೇಳು ಇಲ್ಲಿ. ನಾನು ಮೊದಲಿಂದ ಇವರ ಹೆಂಡತಿ ಅಂತ ಇಲ್ಲಿದ್ದಿದ್ರೆ ಒಂದು ವರ್ಷ ಹೊರಗಿರಬಹುದಿತ್ತಂತೆ. ಬ್ಲೂ ಕಾರ್ಡಿನವರ ಮನೆಯವರಿಗೆ ಹನ್ನೆರಡು ತಿಂಗಳಂತೆ. ನಾನೇ ಓದಿ, ನಾನೇ ದುಡಿದು ಬಂದದ್ದು ನೋಡು, ಹಾಗಾಗಿ ನನಗೆ ಅರ್ಧ." ನಕ್ಕರು. ಆ ನಗುವನ್ನು ನಾನು ಬರೆಯಲಾರೆ.

ಯುಗಾದಿಗೆ ಯಾರದೋ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಒಬ್ಬಟ್ಟು ತಿನ್ನುತ್ತ ಮೈಸೂರಿನವರೊಬ್ಬರು, ಯಾರ ಪಾಸ್‌ಪೋರ್ಟ್ ನವೀಕರಣಕ್ಕೆ ಅಕ್ಕ ಓಡಾಡಿದ್ದರೋ ಅವರೇ, ಸಮಾಧಾನ ಹೇಳಿದರು:

"ಏನ್ ಅಕ್ಕ ನೀವು, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೊಂಡಿದೀರ. ಕಾರ್ಡು ಕಾರ್ಡೇ ಅಲ್ವಾ? ಹೆಂಡ್ತಿ ಕಾರ್ಡಲ್ಲೂ ಕೆಲಸ ಮಾಡ್ಬಹುದು. ಗಂಡ ಹೆಂಡತಿ ಮಧ್ಯೆ ನಂದು ನಿಂದು ಅಂತ ಯಾಕೆ?"

"ಹೌದು ಗುರು" ಎಂದ ಇನ್ನೊಬ್ಬ. "ಪ್ರಾಕ್ಟಿಕಲ್ ಆಗಿರ್ಬೇಕು."

"ಹಾಗಾದ್ರೆ ಒಂದು ಕೆಲಸ ಮಾಡುವ" ಎಂದರು ಅಕ್ಕ. "ನಿಮ್ಮ ಡಿಗ್ರಿ ಸರ್ಟಿಫಿಕೇಟಿನಲ್ಲಿ ನಿಮ್ಮ ಹೆಸರು ತೆಗೆದು, ಇಂಥವಳ ಗಂಡ ಪಾಸಾಗಿದ್ದಾನೆ ಅಂತ ಬರೆಸಿಕೊಂಡು ಬನ್ನಿ. ಕಾಗದ ಕಾಗದವೇ ಅಲ್ವಾ?"

ಹೆಂಗಸೊಬ್ಬರು ಪಾಯಸ ಬಡಿಸಲು ಎದ್ದರು. ಭಾವ ಮೆಲ್ಲಗೆ, "ಬಿಡೇ, ಹಬ್ಬದ ದಿನ" ಎಂದರು. ಆವತ್ತು ಅವರ ಮೇಲೂ ನನಗೆ ಸಿಟ್ಟು ಬಂತು.

ಕೊನೆಗೆ ಅಕ್ಕ ಎರಡನೆಯ ದಾರಿಗೇ ಸಹಿ ಹಾಕಿದರು. ಕೂಸನ್ನು ಎತ್ತಿಕೊಂಡು ಮತ್ತೆ ಕಾಪುವಿಗೆ ಹೋಗಿ ಕೂತರೆ ಅಮ್ಮನಿಗೆ ಏನು ಹೇಳುವುದು? ಯಾಕೆ ಬಂದೆ ಎಂದು ಕೇಳಿದರೆ, ನಿಮ್ಮ ಬಾಣಂತನದಿಂದ ಎನ್ನಬೇಕಿತ್ತು. ಅದೊಂದೇ ಕಾರಣ, ನನಗೆ ಗೊತ್ತು. ಕಾರ್ಡು ಬಂತು. ವಾಸದ ಆಧಾರ: ಪತಿ. ಪಿ.ಆರ್.ನ ಲೆಕ್ಕ ಮತ್ತೆ ಸೊನ್ನೆಯಿಂದ. ಕಾರ್ಡು ಬರುವ ಹೊತ್ತಿಗೆ ಅವರ ಕೆಲಸದ ಕರಾರಿನ ಅವಧಿ ಮುಗಿದಿತ್ತು. ಕಂಪನಿ ಅದನ್ನು ಮುಂದುವರಿಸಲಿಲ್ಲ, ಚೆಂದದ ಶಿಫಾರಸು ಪತ್ರ ಕೊಟ್ಟಿತು.

ಆಮೇಲೆ ಅಕ್ಕ ಯಾರ ಜೊತೆಗೂ ಆಮ್ಟಿಗೆ ಹೋಗಲಿಲ್ಲ. ಯಾರಾದರೂ ಫೋನ್ ಮಾಡಿ ಇದಕ್ಕೇನು ಮಾಡುವುದಕ್ಕ ಎಂದು ಕೇಳಿದರೆ, "ನನಗೆ ಗೊತ್ತಿಲ್ಲ, ನಾನು ಡಿಪೆಂಡೆಂಟು" ಎನ್ನುತ್ತಿದ್ದರು. ಭಾವನಿಗೆ ದೂರದ, ಉತ್ತರ ಜರ್ಮನಿಯ ವೋಲ್ಫ್ಸ್‌ಬುರ್ಗಿನಲ್ಲಿ ಕೆಲಸ ಸಿಕ್ಕಿತು. ಇವರೂ ಹೊರಟರು. ಸಾಮಾನು ತುಂಬುವ ದಿನ ನಾನು ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಹಚ್ಚಿಕೊಟ್ಟೆ. ನಾನು ಮರುವಾರವೇ ಊರಿಗೆ ಹೊರಟಿದ್ದೆ. ಕಾಪುವಿನಲ್ಲಿರುವ ತಮ್ಮ ಅಮ್ಮನಿಗೆಂದು ಒಂದು ಚೀಲ ಕೊಟ್ಟರು: ಮಂಡಿನೋವಿನ ಮುಲಾಮು, ಮಂಡಿಗೆ ಹಾಕುವ ಪಟ್ಟಿ, ಚಾಕೊಲೇಟು, ಮಗುವಿನ ಫೋಟೊ.

"ಅವರ ಹತ್ತಿರ ಎಂತದ್ದೂ ಹೇಳ್ಬೇಡ. ಪಿ.ಆರ್. ಆಗಿದೆ ಅಂತ ಹೇಳಿದ್ದೇನೆ" ಎಂದರು. ನನ್ನ ಮುಖ ನೋಡಿ, "ಹಾಗೆ ನೋಡ್ಬೇಡ ಮಾರಾಯ್ತಿ, ನನಗೆ ಸಿಟ್ಟು ಬರ್ತದೆ" ಎಂದು ತಿರುಗಿಕೊಂಡರು. ಅದು ಅವರು ನನ್ನೊಡನೆ ಆಡಿದ ಕೊನೆಯ ಮಾತು. ಹೋದ ಮೇಲೆ ಗ್ರೂಪ್ ಬಿಟ್ಟರು, ನಂಬರು ಬದಲಾಯಿಸಿದರು. ನನಗೂ ಹೊಸದನ್ನು ಕೊಡಲಿಲ್ಲ.

ಕಾಪುವಿನ ಆ ಮನೆ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅಕ್ಕನ ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಬೀಡಿ ಕಟ್ಟುತ್ತಿದ್ದರು, ಪಕ್ಕದಲ್ಲಿ ಸೊಸೆ ಮತ್ತು ನೆರೆಮನೆಯ ಇಬ್ಬರು ಹೆಂಗಸರು. ತಮ್ಮೊಳಗೆ ತುಳು ಮಾತಾಡುತ್ತಿದ್ದವರು ನನ್ನನ್ನು ನೋಡಿ ಕನ್ನಡಕ್ಕೆ ಬಂದರು. ಅಮ್ಮ ಎದ್ದು, ನನ್ನ ಗಲ್ಲ ಹಿಡಿದು, "ಜರ್ಮನಿಯಿಂದ ಬಂದದ್ದು, ನನ್ನ ಮಗಳ ಜೊತೆಯವಳು" ಎಂದು ಎಲ್ಲರಿಗೂ ತೋರಿಸಿದರು. ಫೋಟೊ ಕೈಯಿಂದ ಕೈಗೆ ಹೋಯಿತು. ಕಾಯಂ ಆದ ಸುದ್ದಿ ಬಂದ ದಿನ ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಎಲ್ಲರಿಗೂ ಲಾಡು ಹಂಚಿದೆ ಎಂದರು.

ಆಮೇಲೆ ನನ್ನ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದರು. ಬಚ್ಚಲಿನ ಒಲೆಯ ಮೇಲೆ ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ಹಂಡೆ ಕೂತಿತ್ತು.

"ಇದರಲ್ಲೇ ಮಗಾ, ಒಂದು ದಿನ ತಪ್ಪಿಸದೆ ನೀರು ಹೊಯ್ದಿದ್ದೇನೆ. ಬೆನ್ನು ಗಟ್ಟಿಯಾಗಿ ಹೋದಳು. ಇಲ್ಲದಿದ್ರೆ ಆ ಚಳಿಯ ದೇಶದಲ್ಲಿ ನಿಲ್ಲಲಿಕ್ಕೆ ಆಗ್ತಿತ್ತಾ? ನಾನು ಓದದವಳು, ನನ್ನಿಂದ ಅವಳಿಗೆ ಅಷ್ಟಾದ್ರೂ ಆಯ್ತಲ್ಲ."

"ಹೌದಮ್ಮ" ಎಂದೆ.

"ಆದ್ರೂ ಆ ಸಲ ಅವಳು ಹೋಗ್ಬೇಕು ಹೋಗ್ಬೇಕು ಅಂತ ಗಡಿಬಿಡಿ ಮಾಡಿದಳು. ಎಂತದೋ ಆಫೀಸಿನ ಹೆದರಿಕೆ. ಅರ್ಧಕ್ಕೇ ಕಳಿಸಿದ ಹಾಗಾಯ್ತು." ಹಂಡೆಯ ಬಾಯಿಗೆ ಮುಚ್ಚಳವಿಟ್ಟು, ಸೆರಗಿನಿಂದ ಅದನ್ನೊಮ್ಮೆ ಒರೆಸಿದರು. "ಎರಡನೆಯದಕ್ಕೆ ವರ್ಷ ಪೂರ್ತಿ ಇಟ್ಟುಕೊಳ್ತೇನೆ ಅಂತ ಹೇಳು ಅವಳಿಗೆ. ಈಗ ಕಾಯಂ ಆಯ್ತಲ್ಲ, ಇನ್ನು ಅವಳನ್ನು ಕೇಳುವವರು ಯಾರು?"